ಗಾಡಿಯಡಿಯ ಲಾಂದ್ರ, ಸೈಕಲ್ಲಿನ ದೀಪ

ಸೈಕಲ್ಲಿನ ಚರಿತ್ರೆ ಬರೆದವರು ಚಕ್ರ, ಚೈನು, ಟೈರುಗಳಿಗೆ ಪುಟಗಟ್ಟಲೆ ಕೊಡುತ್ತಾರೆ. ದೀಪಕ್ಕೆ ಒಂದು ಪ್ಯಾರಾ ಸಿಕ್ಕರೆ ಹೆಚ್ಚು. ನಮ್ಮ ಮಿರ್ಲೆ ಕಡೆ ರಾತ್ರಿ ಓಡಾಡಿದವರಿಗೆ ಆ ಪ್ಯಾರಾ ಸಾಲದು. ಕೆ.ಆರ್. ನಗರದ ಸೀಮೆಯೆಂದರೆ ಕಾವೇರಿ ನೀರು ಕುಡಿದ ಭತ್ತದ ಸೀಮೆ. ಒಂದು ಪಕ್ಕ ನಾಲೆ, ಇನ್ನೊಂದು ಪಕ್ಕ ಕೆಸರುಗದ್ದೆ, ನಡುವೆ ಏರಿ. ಎದುರಿನ ಬೆಳಕು ಕಣ್ಣಿಗೆ ಹೊಡೆದರೆ ನಡೆದು ಬರುವವನಿಗೆ ಕಾಲಿಡಲು ಉಳಿಯುವುದು ಎರಡೇ ಜಾಗ: ನೀರು, ಇಲ್ಲವೇ ಕೆಸರು.

ಇದಕ್ಕೆ ಉತ್ತರ ನಮ್ಮ ಎತ್ತಿನಗಾಡಿಗಳಲ್ಲೇ ಇತ್ತು ಎಂಬುದು ನನ್ನ ವಾದ. ರಾತ್ರಿ ಹೊರಟ ಗಾಡಿಯ ಲಾಂದ್ರವನ್ನು ಮೇಲೆ ಕಟ್ಟುತ್ತಿರಲಿಲ್ಲ, ಗಾಡಿಯ ಅಡಿಗೆ, ಅಚ್ಚಿನ ಹತ್ತಿರ ನೇತುಹಾಕುತ್ತಿದ್ದರು. ಬೆಳಕೆಲ್ಲ ನೆಲಕ್ಕೆ. ಎತ್ತುಗಳಿಗೆ ದಾರಿ ಹೇಗೂ ಗೊತ್ತು. ಲಾಂದ್ರ ಇದ್ದದ್ದು ಮುಖ್ಯವಾಗಿ ಗಾಡಿ ಇದೆಯೆಂದು ಬೇರೆಯವರಿಗೆ ತಿಳಿಸಲು.

ಸೈಕಲ್ಲಿಗೆ ಮೊದಲು ಬಂದದ್ದೂ ಎಣ್ಣೆ ದೀಪವೇ. ಆಮೇಲೆ, 1900ರ ಆಸುಪಾಸಿನಲ್ಲಿ, ಕಾರ್ಬೈಡ್ ದೀಪ. ಮೇಲಿನ ಡಬ್ಬಿಯಿಂದ ನೀರು ತೊಟ್ಟು ತೊಟ್ಟಾಗಿ ಕೆಳಗಿನ ಕ್ಯಾಲ್ಸಿಯಂ ಕಾರ್ಬೈಡಿನ ಮೇಲೆ ಬೀಳಬೇಕು, ಅಸಿಟಿಲೀನ್ ಅನಿಲ ಹುಟ್ಟಬೇಕು, ಅದನ್ನು ಬೆಂಕಿಕಡ್ಡಿ ಗೀರಿ ಹೊತ್ತಿಸಬೇಕು. ಬೆಳಕು ಬೆಳ್ಳಗೆ ಚೆನ್ನಾಗಿತ್ತು, ವಾಸನೆ ಮಾತ್ರ ದೇವರಿಗೇ ಪ್ರೀತಿ. ಮೈಸೂರು ನಗರ 1908ರಲ್ಲೇ ಶಿವನಸಮುದ್ರದ ವಿದ್ಯುತ್ತಿನಿಂದ ಬೆಳಗಿತಾದರೂ ಹಳ್ಳಿಯ ದಾರಿಗಳು ದಶಕಗಳ ಕಾಲ ಕತ್ತಲಲ್ಲೇ ಉಳಿದವು.

ನಮ್ಮ ತಂದೆಯ ತಲೆಮಾರಿನ ದೀಪವೆಂದರೆ ಡೈನಮೊ. ಟೈರಿಗೆ ಒರಗಿಸಿದ ಬಾಟಲಿಯಾಕಾರದ ಯಂತ್ರ ಕರ್ರೆಂದು ತಿರುಗುತ್ತಿತ್ತು, ಪೆಡಲು ಭಾರವಾಗುತ್ತಿತ್ತು. 6 ವೋಲ್ಟ್, ಒಟ್ಟು 3 ವ್ಯಾಟ್. ಅದರಲ್ಲಿ ಮುಂದಿನ ಬಲ್ಬಿಗೆ 2.4, ಹಿಂದಿನ ಕೆಂಪಿಗೆ 0.6. ತುಳಿದಷ್ಟು ಬೆಳಕು, ನಿಂತರೆ ಕತ್ತಲು. ಪೊಲೀಸನ ಎದುರು ನಿಲ್ಲಿಸಿದ ಕೂಡಲೇ ದೀಪ ಆರಿಹೋಗುವ ಇಕ್ಕಟ್ಟು ಬೇರೆ! ದೀಪವಿಲ್ಲದವರ ಚಕ್ರದ ಗಾಳಿ ಬಿಡುತ್ತಿದ್ದ ಪೊಲೀಸರು ಆ ತಲೆಮಾರಿನ ನೆನಪಿನಲ್ಲಿ ಗಟ್ಟಿಯಾಗಿ ಕೂತಿದ್ದಾರೆ. ಆದರೆ ಆ 2.4 ವ್ಯಾಟಿನ ಹಳದಿ ಬಲ್ಬು ಯಾರ ಕಣ್ಣನ್ನೂ ಕುಕ್ಕಿದ್ದು ಕಡಿಮೆ. ಕುಕ್ಕುವ ಶಕ್ತಿ ಇದ್ದದ್ದು ಕಾರು, ಲಾರಿಗಳಿಗೆ. ಅದಕ್ಕೇ ಅವುಗಳ ಹೆಡ್‌ಲೈಟಿಗೆ ಕಪ್ಪು ಬಣ್ಣ ಬಳಿಸುವ ರೂಢಿ ನಮ್ಮಲ್ಲಿ ಬಹುಕಾಲ ಇತ್ತು.

ಎಲ್‌ಇಡಿ ಬಂದು ಈ ಲೆಕ್ಕ ಬುಡಮೇಲಾಯಿತು. ಈಗ ಕೆಲವು ನೂರು ರೂಪಾಯಿಗೆ ಸಿಗುವ ದೀಪ ಹಳೆಯ ಡೈನಮೊವನ್ನು ನಾಚಿಸುತ್ತದೆ. ಗೋಳು ಏನೆಂದರೆ ಇವುಗಳಲ್ಲಿ ಬಹುಪಾಲು ನಿಜವಾಗಿ ಟಾರ್ಚುಗಳು. ಟಾರ್ಚಿನ ಬೆಳಕು ಗುಂಡಗೆ ಹರಡುತ್ತದೆ: ಕೆಳಗಿನ ಅರ್ಧ ರಸ್ತೆಗೆ, ಮೇಲಿನ ಅರ್ಧ ಎದುರಿನವರ ಮುಖಕ್ಕೆ. ರಸ್ತೆಗೆಂದೇ ಮಾಡಿದ ದೀಪದಲ್ಲಿ ಬೆಳಕಿನ ಮೇಲಂಚು ಗೆರೆ ಎಳೆದಂತೆ ಕತ್ತರಿಸಿರುತ್ತದೆ. ಕೊಳ್ಳುವಾಗ ಅಂಗಡಿಯ ಗೋಡೆಗೆ ಬೆಳಕು ಬಿಟ್ಟು ಆ ಗೆರೆ ಇದೆಯೇ ನೋಡಿ. ಡಬ್ಬಿಯ ಮೇಲಿನ ಲ್ಯೂಮೆನ್ ಅಂಕಿಗೆ ಮರುಳಾಗಬೇಡಿ.

ಕೂರಿಸುವ ವಿಷಯದಲ್ಲಿ ಜರ್ಮನಿಯ ಹಳೆಯ ಸಂಚಾರ ನಿಯಮವೊಂದು ನನಗೆ ಬಹಳ ಇಷ್ಟ. ದೀಪದಿಂದ 5 ಮೀಟರ್ ಮುಂದೆ ಬೆಳಕಿನ ನಡುಭಾಗ ದೀಪದ ಅರ್ಧ ಎತ್ತರಕ್ಕೆ ಇಳಿದಿರಬೇಕು, ಅಷ್ಟೇ. ಹ್ಯಾಂಡಲ್ಲಿನ ಮೇಲೆ 90 ಸೆಂಟಿಮೀಟರ್ ಎತ್ತರದಲ್ಲಿರುವ ದೀಪ 5 ಮೀಟರ್ ದೂರದ ಗೋಡೆಯ ಮೇಲೆ 45ಕ್ಕೆ ಬೀಳಬೇಕು. ಆ ಲೆಕ್ಕದಲ್ಲಿ ಅದು 10 ಮೀಟರಿಗೆ ನೆಲ ಮುಟ್ಟುತ್ತದೆ. ಏರಿಯ ಮೇಲೆ ನಿಧಾನ ಸವಾರಿಗೆ ಅಷ್ಟು ಸಾಕು. ಹೆದ್ದಾರಿಯ ವೇಗಕ್ಕೆ ಕಡಿಮೆಯಾದೀತು. ಅಳತೆ ಪಟ್ಟಿ, ಸೀಮೆಸುಣ್ಣ ಇದ್ದರೆ ಹಟ್ಟಿಯ ಗೋಡೆಯಲ್ಲೇ ಸಂಜೆ ಹೊತ್ತು ಮುಗಿಯುವ ಕೆಲಸ. ಕ್ಲಾಂಪು ಗಟ್ಟಿಯಿರಬೇಕು, ಇಲ್ಲವಾದರೆ ನಾಲ್ಕು ಗುಂಡಿ ಹಾರಿಸುವಷ್ಟರಲ್ಲಿ ದೀಪ ಮತ್ತೆ ಆಕಾಶ ನೋಡುತ್ತದೆ. ಮಿಣುಕುವ ಗುಂಡಿಯನ್ನಂತೂ ಕತ್ತಲ ದಾರಿಯಲ್ಲಿ ಒತ್ತಲೇಬಾರದು; ಎದುರಿನವರಿಗೆ ನಿಮ್ಮ ದೂರವೂ ತಿಳಿಯದು, ತಮ್ಮ ಕಾಲಡಿಯೂ ಕಾಣದು.

ಕೈಯಲ್ಲಿರುವುದು ಬರೀ ಟಾರ್ಚು, ಹೊಸದಕ್ಕೆ ದುಡ್ಡಿಲ್ಲ ಎನ್ನುವವರಿಗೆ ಪಂಕ್ಚರ್ ಅಂಗಡಿಯ ಹಳೆಯ ಟ್ಯೂಬಿನ ತುಂಡು ಸಾಕು. ಗಾಜಿನ ಮೇಲ್ಭಾಗದಿಂದ ಎರಡು ಬೆರಳು ಮುಂದಕ್ಕೆ ಚಾಚುವಂತೆ ಅದನ್ನು ಸುತ್ತಿ ಕಟ್ಟಿದರೆ ಟಾರ್ಚಿಗೆ ಒಂದು ಹುಬ್ಬು ಬರುತ್ತದೆ. ಆಮೇಲೆ ಅದನ್ನು ಹ್ಯಾಂಡಲ್ಲಿನಿಂದ ಬಿಚ್ಚಿ, ಕಡ್ಡಿಗೆ ತಾಗದಂತೆ, ಮುಂದಿನ ಫೋರ್ಕಿನ ಮೇಲ್ತುದಿಗೆ ಕಟ್ಟಿ, ಮೂತಿಯನ್ನು ನೆಲಕ್ಕೆ ಬಾಗಿಸಿ.