ಮಿರಜ ತಂಬೂರಿ: ಹಳೆಯ ಮಾದರಿಯ ಮರುನಿರ್ಮಾಣ

ಮಿರಜ ತಂಬೂರಿಯು ಸಾಂಗ್ಲಿ ಜಿಲ್ಲೆಯ ಮಿರಜದಲ್ಲಿ ಕೈಕೆಲಸದಿಂದ ತಯಾರಾಗುವ ಶ್ರುತಿವಾದ್ಯ. ಆಯುಧಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನದ ಫರೀದಸಾಹೇಬರು 19ನೇ ಶತಮಾನದ ನಡುವಿನಲ್ಲಿ ಈ ಕಸುಬಿಗೆ ಕೈಹಾಕಿದರು. ಮುಂದೆ ಮಿರಜದಲ್ಲಿ ನೆಲೆಸಿದ ಗಾಯಕ ಅಬ್ದುಲ್ ಕರೀಂ ಖಾನರ ಕಿರಾಣಾ ಘರಾಣೆಯ ಗಾಯನಶೈಲಿ ಕುಂದಗೋಳದ ಸವಾಯಿ ಗಂಧರ್ವರ ಮೂಲಕ ಧಾರವಾಡ ಸೀಮೆಯಲ್ಲಿ ಬೇರೂರಿತು. ಒಂದೊಂದೇ ಸ್ವರವನ್ನು ನಿಧಾನವಾಗಿ ಅರಳಿಸುವ ಆ ಗಾಯನಕ್ಕೆ ತುಂಬುನಾದದ ತಂಬೂರಿಯೇ ಆಧಾರ.

ಹಳೆಯ ವಾದ್ಯದ ಪ್ರತಿಕೃತಿಯೆಂದರೆ ಅದರ ಅಳತೆಯ ನಕಲು ಎಂಬ ಎಣಿಕೆ ಇಲ್ಲಿ ನಿಲ್ಲದು. ತಂಬೂರಿಯ ಒಡಲು ಹೊಲದಲ್ಲಿ ಬೆಳೆದ ಬುರುಡೆ. ಪಂಢರಪುರ, ಮಂಗಳವೇಢೆಗಳ ಸುತ್ತ ಬೆಳೆಯುವ ಈ ಕಾಯಿಗಳಲ್ಲಿ ಒಂದರಂತೆ ಇನ್ನೊಂದಿಲ್ಲ. ಒಣಗಿದ ಕಾಯಿಯನ್ನು ನೀರಲ್ಲಿ ನೆನೆಸಿ, ಕೊಯ್ದು, ಒಳಗೆ ಕಡ್ಡಿಗಳನ್ನು ಆನಿಸಿ ಬಾಯಿ ಅಗಲಿಸಿ, ಮತ್ತೆ ಒಣಗಿಸುತ್ತಾರೆ. ದಂಡಿಯ (ಉದ್ದನೆಯ ಕೋಲಿನ) ಅಗಲ, ಬುರುಡೆಯ ಬಾಯಿ ಮುಚ್ಚುವ ಹಲಗೆಯಾದ ತಬಲಿಯ ಉಬ್ಬು, ಅದರ ದಪ್ಪ ಎಲ್ಲವೂ ಆ ಬುರುಡೆಗೆ ತಕ್ಕಂತೆ ತೀರ್ಮಾನವಾಗುತ್ತವೆ. ಕೊನೆಗೆ ತಂತಿಗಳನ್ನು ಹೊರುವ ಕುದುರೆಯ ಮೇಲ್ಮೈಯನ್ನು ಕಾನಸಿನಿಂದ ಕೂದಲೆಳೆಯಷ್ಟೇ ಸವರಿ ಜವಾರಿ, ಎಂದರೆ ಝೇಂಕರಿಸುವ ತುಂಬುನಾದ, ತೆಗೆಯುತ್ತಾರೆ. ತಂತಿಯ ಉಜ್ಜಾಟಕ್ಕೆ ಆ ಮೇಲ್ಮೈ ಸವೆಯುವುದರಿಂದ ಜವಾರಿಯನ್ನು ಮತ್ತೆ ಮತ್ತೆ ತೆಗೆಯಲೇಬೇಕು. ಹಾಗಾಗಿ ನೂರು ವರ್ಷದ ತಂಬೂರಿಯಲ್ಲಿ ಇಂದು ಕೇಳುವ ನಾದಕ್ಕೂ ಇತ್ತೀಚಿನ ಕೈಯೊಂದು ಕಾರಣ. ಇಲ್ಲಿ ಉಳಿಸಿಕೊಳ್ಳಬೇಕಾದುದು ವಿಧಾನ. ಅಳತೆ ಅದರ ಫಲ ಮಾತ್ರ.

ಯುರೋಪಿನಲ್ಲಿ ಹಳೆಯ ಗಿಟಾರುಗಳನ್ನು ಮಿಲಿಮೀಟರ್ ಲೆಕ್ಕದಲ್ಲಿ ಅಳೆದು ಕಟ್ಟುವುದಿಲ್ಲವೇ ಎಂದು ಕೇಳಬಹುದು. ಕಟ್ಟುತ್ತಾರೆ, ಆದರೆ ಅಲ್ಲಿಯೂ ಅಳತೆಗೆ ಮಿತಿಯಿದೆ. ಸ್ಪೇನಿನ ಆಂಟೋನಿಯೊ ಡಿ ಟೋರೆಸ್ 1862ರಲ್ಲಿ ಬೆನ್ನು ಮತ್ತು ಪಕ್ಕಗಳನ್ನು ಕಾಗದದ ರಟ್ಟಿನಿಂದಲೇ ಮಾಡಿ, ನಾದದ ಬಹುಪಾಲು ಮೇಲಿನ ಹಲಗೆಯದೆಂದು ತೋರಿಸಿದ. ಒಂದೇ ದಪ್ಪದ ಎರಡು ಹಲಗೆಗಳ ಬಿಗಿ ಒಂದೇ ಆಗಿರುವುದಿಲ್ಲ. ಅದನ್ನು ಬೆರಳಿಂದ ಒತ್ತಿ, ತಟ್ಟಿ ತಿಳಿಯಬೇಕು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಸಾಮಗ್ರಿಯದು. ಕುದುರೆಯಲ್ಲಿ ದಂತ, ಜಿಂಕೆಕೊಂಬುಗಳ ಜಾಗಕ್ಕೆ ಒಂಟೆಯ ಮೂಳೆ ಬಂದಮೇಲೆ ಅದು ಹಳೆಯ ಮಾದರಿ ಹೇಗಾದೀತು? 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮತ್ತು ಅದರ ತಿದ್ದುಪಡಿಗಳ ನಂತರ ಈ ಬದಲಾವಣೆ ಅನಿವಾರ್ಯ, ನ್ಯಾಯವೂ ಹೌದು. ಮೂಳೆಯನ್ನೂ ಅದೇ ಕಾನಸಿನಿಂದ, ಅದೇ ಕಿವಿಯಿಂದ ಸವರುವುದರಿಂದ ವಿಧಾನಕ್ಕೆ ಭಂಗವಿಲ್ಲ. ಬುರುಡೆಯ ಬದಲು ಅಚ್ಚಿನಲ್ಲಿ ಎರೆದ ಫೈಬರ್ ಬಳಸುವುದು ಬೇರೆ ಮಾತು: ಅಲ್ಲಿ ಕಾಯಿಗೆ ತಕ್ಕಂತೆ ಕೆಲಸಗಾರ ಮಾಡುವ ತೀರ್ಮಾನವೇ ಇಲ್ಲವಾಗುತ್ತದೆ. 2024ರಲ್ಲಿ ಮಿರಜದ ಸಿತಾರ್ ಹಾಗೂ ತಂಬೂರಿಗೆ ಭೌಗೋಳಿಕ ಸೂಚಕ ದೊರೆಯಿತು. ಆ ಸೂಚಕ ಕಾಯುವುದು ಊರಿನ ಹೆಸರನ್ನು. ಕಸುಬು ಉಳಿಯಲು ಹೆಸರಷ್ಟೇ ಸಾಲದು: ದಪ್ಪ ಸಿಪ್ಪೆಯ ಬುರುಡೆ ಬೆಳೆಯುವ ರೈತನಿಗೂ ಆದಾಯ ಸಿಕ್ಕರೆ ಮಾತ್ರ ಈ ಕಸುಬಿಗೆ ಮೂಲದ್ರವ್ಯ ಉಳಿದೀತು.