ಡೊಂಬಿವಲಿಯ ಹಳೆಯ ಫ್ಲ್ಯಾಟ್‌ಗಳು ದುಬಾರಿಯಾಗುತ್ತಿರುವುದೇಕೆ? ಕೊಳ್ಳುವ ಮುನ್ನ, ಮಾರುವ ಮುನ್ನ ತಿಳಿಯಬೇಕಾದ್ದೇನು?

ಕಟ್ಟಡಕ್ಕೆ ನಲವತ್ತು ವರ್ಷ, ಲಿಫ್ಟ್ ಇಲ್ಲ, ಮಳೆಗಾಲದಲ್ಲಿ ಗೋಡೆ ಸೋರುತ್ತದೆ. ಆದರೂ ಸ್ಟೇಷನ್‌ಗೆ ನಡೆದು ಹೋಗುವಷ್ಟು ಹತ್ತಿರದಲ್ಲಿರುವ ವನ್ ರೂಮ್ ಕಿಚನ್‌ಗೆ ಮಾಲೀಕರು ಹೇಳುವ ಬೆಲೆ ಕೇಳಿ ಕೊಳ್ಳಲು ಬಂದವರು ಹಿಂದೆ ಸರಿಯುತ್ತಾರೆ. ಮುಂಬಯಿಯಲ್ಲಿ ಮನೆ ಮಾಡಲಾಗದವರ ಊರು ಎಂದೇ ಹೆಸರಾಗಿದ್ದ ಡೊಂಬಿವಲಿಯ ಇಂದಿನ ಸ್ಥಿತಿ ಇದು. ಹಳೆಯ ಮನೆಗೆ ಇಷ್ಟು ಬೆಲೆ ಬರಲು ಕಾರಣಗಳೇನು, ಈ ಏರಿಕೆಯಿಂದ ಯಾರಿಗೆ ಲಾಭ, ಯಾವ ಕಾಗದಪತ್ರ ಇಲ್ಲದಿದ್ದರೆ ಈ ಬೆಲೆಗೆ ಅರ್ಥವಿಲ್ಲ ಎಂಬ ವಿವರ ಇಲ್ಲಿದೆ.

ಅಗ್ಗದ ಊರಾಗಿದ್ದು ಹೇಗೆ?

ಡೊಂಬಿವಲಿ ಮಧ್ಯ ರೈಲ್ವೆ ಮಾರ್ಗದಲ್ಲಿ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್‌ನಿಂದ ಸುಮಾರು 48 ಕಿ.ಮೀ. ದೂರದಲ್ಲಿದೆ. ಗಿರ್‌ಗಾಂವ್, ದಾದರ್, ಪರೇಲ್‌ಗಳ ಚಾಳ್‌ಗಳಲ್ಲಿ ಒಂದೇ ಕೋಣೆಯಲ್ಲಿ ಸಂಸಾರ ಮಾಡುತ್ತಿದ್ದ ಕುಟುಂಬಗಳು ದೊಡ್ಡದಾದಂತೆ, ಪಗಡಿ ಕೋಣೆ ಬಿಟ್ಟುಕೊಟ್ಟ ಹಣಕ್ಕೆ ಆಫೀಸಿನ ಸಾಲ ಸೇರಿಸಿ ಇಲ್ಲಿ ಸ್ವಂತ ಮನೆ ಮಾಡಿಕೊಂಡವು. ಬ್ಯಾಂಕ್, ರೈಲ್ವೆ, ಸರ್ಕಾರಿ ಕಚೇರಿ, ಗಿರಣಿ ನೌಕರರೇ ಇವರಲ್ಲಿ ಹೆಚ್ಚು. ಕನ್ನಡಿಗರ ಸಂಖ್ಯೆಯೂ ಕಡಿಮೆಯೇನಿರಲಿಲ್ಲ. ಡೊಂಬಿವಲಿ ಕರ್ನಾಟಕ ಸಂಘ ಬೆಳೆದದ್ದು ಹೀಗೆ ಬಂದು ನೆಲೆಸಿದವರಿಂದಲೇ.

ಆ ಕಾಲದಲ್ಲಿ ಕಟ್ಟಿದ್ದು ಹೆಚ್ಚಾಗಿ ಮೂರು-ನಾಲ್ಕು ಅಂತಸ್ತಿನ, ಲಿಫ್ಟ್ ಇಲ್ಲದ ಸಣ್ಣ ಕಟ್ಟಡಗಳು. ಇಂದು ಬೆಲೆ ಏರಿರುವುದು ಇವೇ ಕಟ್ಟಡಗಳ ಮನೆಗಳಿಗೆ.

ಬೆಲೆ ಏರಿಸಿದ ಕಾರಣಗಳು

ಮೊದಲನೆಯದು ಸಂಪರ್ಕ. ಠಾಣೆ-ದಿವಾ ನಡುವಿನ 5 ಮತ್ತು 6ನೇ ರೈಲು ಮಾರ್ಗಗಳು 2022ರ ಫೆಬ್ರವರಿಯಲ್ಲಿ ಉದ್ಘಾಟನೆಯಾದವು. ಉಲ್ಹಾಸ ನದಿಯ ಮೇಲಿನ ಮೋಠಾಗಾಂವ್-ಮಾಣಕೋಲಿ ಸೇತುವೆ 2024ರಲ್ಲಿ ತೆರೆದ ಮೇಲೆ ಡೊಂಬಿವಲಿ ಪಶ್ಚಿಮದಿಂದ ಠಾಣೆಗೆ ಹೋಗುವ ರಸ್ತೆ ದಾರಿ ಬಹಳ ಹತ್ತಿರವಾಯಿತು. ನವಿ ಮುಂಬಯಿ ವಿಮಾನ ನಿಲ್ದಾಣ 2025ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾಗಿದೆ. ಕಲ್ಯಾಣ್-ತಳೋಜಾ ಮೆಟ್ರೊ ಯೋಜನೆಯ ಹೆಸರಿನಲ್ಲಿಯೂ ಬೆಲೆ ಏರುತ್ತಿದೆ.

ಎರಡನೆಯದು ಜಾಗ. ಕಲ್ಯಾಣ್-ಶಿಳ್ ರಸ್ತೆಯ ಕಡೆ ದೊಡ್ಡ ಟೌನ್‌ಶಿಪ್‌ಗಳು ಎದ್ದಿದ್ದರೂ ಅಲ್ಲಿಂದ ಸ್ಟೇಷನ್‌ಗೆ ಬಸ್ ಅಥವಾ ರಿಕ್ಷಾ ಬೇಕು. ಸ್ಟೇಷನ್ ಸುತ್ತ ಖಾಲಿ ನಿವೇಶನ ಉಳಿದಿಲ್ಲ. ಅಲ್ಲಿ ಹೊಸ ಕಟ್ಟಡ ಬರಬೇಕೆಂದರೆ ಹಳೆಯದು ಬೀಳಲೇಬೇಕು.

ಮೂರನೆಯದು ನಿಯಮ. ಮುಂಬಯಿ ನಗರ ಬಿಟ್ಟು ಮಹಾರಾಷ್ಟ್ರದ ಹೆಚ್ಚಿನ ಭಾಗಕ್ಕೆ ಏಕರೂಪದ ಕಟ್ಟಡ ನಿಯಮಾವಳಿ 2020ರ ಡಿಸೆಂಬರ್‌ನಲ್ಲಿ ಜಾರಿಗೆ ಬಂತು. ಮೂಲ ಎಫ್‌ಎಸ್‌ಐ ಮೇಲೆ ಶುಲ್ಕ ಕಟ್ಟಿ ಅಥವಾ ಟಿಡಿಆರ್ ಕೊಂಡು ಹೆಚ್ಚು ಎತ್ತರ ಕಟ್ಟುವ ಅವಕಾಶ ಇದರಲ್ಲಿದೆ. ಹೀಗಾಗಿ ಹಳೆಯ ಸಣ್ಣ ಕಟ್ಟಡಗಳ ಪುನರಭಿವೃದ್ಧಿ ಬಿಲ್ಡರ್‌ಗಳಿಗೆ ಲಾಭದಾಯಕವಾಯಿತು.

ಹಣ ಕೊಡುವುದು ನೆಲಕ್ಕೆ

ಸಿಮೆಂಟು-ಕಬ್ಬಿಣದ ಬೆಲೆ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ. ಹಳೆಯ ಫ್ಲ್ಯಾಟ್ ಕೊಳ್ಳುವವರು ನಿಜವಾಗಿ ಹಣ ಕೊಡುವುದು ಕಟ್ಟಡದ ಅಡಿಯ ನೆಲದಲ್ಲಿರುವ ಪಾಲಿಗೆ.

ಒಂದು ಲೆಕ್ಕ ನೋಡಿ. 500 ಚದರ ಮೀಟರ್ ನಿವೇಶನದಲ್ಲಿ 16 ಮನೆಗಳ ಹಳೆಯ ಕಟ್ಟಡವಿದ್ದರೆ ಒಂದು ಮನೆಯ ಪಾಲಿಗೆ ಸುಮಾರು 31 ಚದರ ಮೀಟರ್ ನೆಲ ಬರುತ್ತದೆ. 1,000 ಚದರ ಮೀಟರ್‌ನಲ್ಲಿ 100 ಮನೆಗಳ ಹೊಸ ಟವರ್ ಇದ್ದರೆ ಒಂದು ಮನೆಗೆ ಸಿಗುವುದು 10 ಚದರ ಮೀಟರ್ ಮಾತ್ರ. ಸೋರುವ ಮನೆಗೂ ಇಷ್ಟು ಬೆಲೆ ಬರುವುದರ ಗುಟ್ಟು ಇದೇ.

ಆದರೆ ಇಲ್ಲಿಯೇ ತೊಡಕೂ ಇದೆ. ಆ ನೆಲ ಸೊಸೈಟಿಯ ಹೆಸರಿನಲ್ಲಿ ಇದೆಯೇ? ಎಷ್ಟೋ ಹಳೆಯ ಸೊಸೈಟಿಗಳಲ್ಲಿ ಫ್ಲ್ಯಾಟ್ ಸದಸ್ಯರದ್ದಾದರೂ ಜಮೀನಿನ ದಾಖಲೆಯಲ್ಲಿ ಇಂದಿಗೂ ಮೂಲ ಜಮೀನುದಾರ ಅಥವಾ ಬಿಲ್ಡರ್ ಹೆಸರೇ ಇರುತ್ತದೆ. ನೆಲದ ಹಕ್ಕನ್ನು ಸೊಸೈಟಿಗೆ ಬರೆದುಕೊಡುವ ಈ ಪತ್ರಕ್ಕೆ ಕನ್ವೇಯನ್ಸ್ ಎನ್ನುತ್ತಾರೆ. ಮಹಾರಾಷ್ಟ್ರದ 1963ರ ಓನರ್‌ಶಿಪ್ ಫ್ಲ್ಯಾಟ್ಸ್ ಕಾಯ್ದೆ ಪ್ರಕಾರ ಇದನ್ನು ಮಾಡಿಕೊಡುವುದು ಬಿಲ್ಡರ್ ಕರ್ತವ್ಯ. ಆತ ಮಾಡಿಕೊಡದಿದ್ದರೆ ಸೊಸೈಟಿಯೇ ಜಿಲ್ಲಾ ಉಪ ನಿಬಂಧಕರಿಗೆ ಅರ್ಜಿ ಹಾಕಿ ಡೀಮ್ಡ್ ಕನ್ವೇಯನ್ಸ್ ಪಡೆಯುವ ದಾರಿಯನ್ನು 2008ರ ತಿದ್ದುಪಡಿ ತೆರೆದಿದೆ. ಅದಿಲ್ಲದೆ ಪುನರಭಿವೃದ್ಧಿಯ ಮಾತು ವರ್ಷಗಟ್ಟಲೆ ಮಾತಾಗಿಯೇ ಉಳಿಯುವ ಸಂಭವ ಹೆಚ್ಚು.

ರಸ್ತೆಯ ಅಗಲ ಮರೆಯಬೇಡಿ

ಒಂದೇ ವಯಸ್ಸಿನ, ಒಂದೇ ಅಳತೆಯ ಎರಡು ಮನೆಗಳ ಭವಿಷ್ಯ ಒಂದೇ ಆಗಿರುವುದಿಲ್ಲ. ಹೆಚ್ಚುವರಿ ಎಫ್‌ಎಸ್‌ಐ ಎಷ್ಟು ಸಿಗುತ್ತದೆ ಎಂಬುದು ಮುಂದಿನ ರಸ್ತೆಯ ಅಗಲದ ಮೇಲೆ ನಿಂತಿದೆ. 9 ಮೀಟರ್‌ಗಿಂತ ಕಿರಿದಾದ ಗಲ್ಲಿಯಲ್ಲಿರುವ ಕಟ್ಟಡಕ್ಕೆ ಈ ಅವಕಾಶ ಬಹಳ ಕಡಿಮೆ. ಅಂಥ ಕಟ್ಟಡಕ್ಕೆ ಬಿಲ್ಡರ್‌ಗಳು ಸುಲಭವಾಗಿ ಮುಂದೆ ಬರುವುದಿಲ್ಲ. ಅಕ್ಕಪಕ್ಕದ ಸೊಸೈಟಿಗಳು ಒಟ್ಟುಗೂಡಿದರೆ ಕೆಲವೊಮ್ಮೆ ದಾರಿ ಸಿಗುತ್ತದೆ. ಆದ್ದರಿಂದ 'ರೀಡೆವಲಪ್‌ಮೆಂಟ್‌ಗೆ ಹೋಗಲಿದೆ' ಎಂಬ ಏಜೆಂಟರ ಒಂದೇ ಮಾತಿಗೆ ಹೆಚ್ಚು ಹಣ ಕೊಡುವುದು ಜಾಣತನವಲ್ಲ. ಸೊಸೈಟಿಯ ಸಾಮಾನ್ಯ ಸಭೆಯ ಠರಾವು ಕೇಳಿ ನೋಡುವುದು ಒಳ್ಳೆಯದು.

ರಾಜ್ಯ ಸರ್ಕಾರದ 2019ರ ಜುಲೈ 4ರ ಮಾರ್ಗಸೂಚಿ ಪ್ರಕಾರ ಪುನರಭಿವೃದ್ಧಿಗೆ ಒಟ್ಟು ಸದಸ್ಯರಲ್ಲಿ ಶೇ. 51ರಷ್ಟು ಮಂದಿಯ ಒಪ್ಪಿಗೆ ಬೇಕು. ಬಿಲ್ಡರ್ ಯೋಜನಾ ವೆಚ್ಚದ ಶೇ. 20ರಷ್ಟಕ್ಕೆ ಬ್ಯಾಂಕ್ ಗ್ಯಾರಂಟಿ ನೀಡಬೇಕೆಂದೂ ಅದರಲ್ಲಿದೆ. ಕೆಲಸ ಅರ್ಧಕ್ಕೆ ನಿಂತರೆ ಸದಸ್ಯರ ಕೈಯಲ್ಲಿ ಉಳಿಯುವ ಆಧಾರ ಇದು. ಇದನ್ನು ಬಿಟ್ಟುಕೊಟ್ಟು ಸಹಿ ಹಾಕಿದವರು ಮನೆಯೂ ಇಲ್ಲದೆ, ಬಾಡಿಗೆಯೂ ಬರದೆ ಕಷ್ಟಪಡಬೇಕಾದೀತು.

ಯಾರಿಗೆ ಲಾಭ, ಯಾರಿಗೆ ನಷ್ಟ?

ಮಾರಿ ಊರಿಗೆ ಮರಳುವವರಿಗೆ ಈ ಏರಿಕೆ ನಿಜವಾದ ಲಾಭ. ನಿವೃತ್ತರಾಗಿ ಉಡುಪಿ, ಮಂಗಳೂರು, ಹುಬ್ಬಳ್ಳಿ ಕಡೆ ನೆಲೆಸಲು ಹೊರಟವರ ಕೈಗೆ ದೊಡ್ಡ ಮೊತ್ತ ಬರುತ್ತದೆ. ಆದರೆ ಅದೇ ಊರಿನಲ್ಲಿ ಉಳಿಯುವವರಿಗೆ ಬೆಲೆ ಏರಿದರೂ ಕೈಗೆ ಕಾಸು ಬರುವುದಿಲ್ಲ. ಈ ಮನೆ ಮಾರಿ ದೊಡ್ಡ ಮನೆ ಕೊಳ್ಳೋಣವೆಂದರೆ ಅದರ ಬೆಲೆಯೂ ಏರಿರುತ್ತದೆ. ಕಟ್ಟಡ ಹೊಸದಾದ ಮೇಲೆ ಲಿಫ್ಟ್, ಪಂಪ್, ಸೆಕ್ಯುರಿಟಿ ಎಂದು ತಿಂಗಳ ಮೆಂಟೆನೆನ್ಸ್ ಹಲವು ಪಟ್ಟು ಹೆಚ್ಚುತ್ತದೆ. ಪಿಂಚಣಿಯಲ್ಲಿ ಬದುಕುವವರಿಗೆ ಇದು ಸಣ್ಣ ಹೊರೆಯಲ್ಲ.

ಬಾಡಿಗೆದಾರರ ಪಾಡು ಇನ್ನೂ ಕಷ್ಟ. ಒಂದೇ ಬಡಾವಣೆಯ ಹಲವು ಕಟ್ಟಡಗಳು ಒಟ್ಟಿಗೆ ಬಿದ್ದಾಗ ಮಕ್ಕಳ ಶಾಲೆ, ಸ್ಟೇಷನ್ ಬಿಡಲಾಗದೆ ಎಲ್ಲರೂ ಅಲ್ಲಿಯೇ ಬಾಡಿಗೆ ಮನೆ ಹುಡುಕುತ್ತಾರೆ. ಬಾಡಿಗೆ ತಾನಾಗಿಯೇ ಏರುತ್ತದೆ. ಮನೆ ಮಾಲೀಕರಿಗೆ ಬಿಲ್ಡರ್ ಬಾಡಿಗೆ ಕೊಡುತ್ತಾನೆ, ಬಾಡಿಗೆದಾರರಿಗೆ ಕೊಡುವವರಿಲ್ಲ. ಮೊದಲ ಮನೆಯ ಕನಸಿನ ಯುವ ದಂಪತಿಗಳು ಬದಲಾಪುರ, ಟಿಟ್ವಾಲಾಗಳತ್ತ ಸರಿಯಬೇಕಾಗುತ್ತದೆ. ತಂದೆ-ತಾಯಿ ದಾದರ್ ಬಿಟ್ಟು ಡೊಂಬಿವಲಿಗೆ ಬಂದಂತೆಯೇ ಮಕ್ಕಳು ಡೊಂಬಿವಲಿ ಬಿಟ್ಟು ಮುಂದೆ ಹೋಗುತ್ತಿದ್ದಾರೆ.

ಕೊಳ್ಳುವವರು ಪರಿಶೀಲಿಸಬೇಕಾದ್ದು

* ಅನುಮತಿ ಯಾರದ್ದು: ಕಲ್ಯಾಣ್-ಡೊಂಬಿವಲಿ ಮಹಾನಗರ ಪಾಲಿಕೆ ಸ್ಥಾಪನೆಯಾದದ್ದು 1983ರಲ್ಲಿ. ಸುತ್ತಲಿನ 27 ಹಳ್ಳಿಗಳು 2002ರಲ್ಲಿ ಪಾಲಿಕೆಯಿಂದ ಹೊರಗೆ ಹೋಗಿ 2015ರಲ್ಲಿ ಮತ್ತೆ ಸೇರಿದವು. ಕಟ್ಟಡ ಕಟ್ಟಿದ ಕಾಲಕ್ಕೆ ಅನುಮತಿ ಕೊಡುವ ಅಧಿಕಾರ ಯಾರಿಗಿತ್ತೋ ಅವರದೇ ಮಂಜೂರಾತಿ, ವಾಸಯೋಗ್ಯ ಪ್ರಮಾಣಪತ್ರ ಇರಬೇಕು.

* ನಕಲಿ ದಾಖಲೆ: ಖೊಟ್ಟಿ ಕಾಗದ ತೋರಿಸಿ ರೇರಾ ನೋಂದಣಿ ಪಡೆದಿದ್ದ 65 ಅಕ್ರಮ ಕಟ್ಟಡಗಳನ್ನು ಕೆಡವಲು ಬಾಂಬೆ ಹೈಕೋರ್ಟ್ 2024ರ ನವೆಂಬರ್‌ನಲ್ಲಿ ಆದೇಶಿಸಿತು. ಅವುಗಳಲ್ಲಿ ಮನೆ ಕೊಂಡ ಕುಟುಂಬಗಳು ಬೀದಿಗೆ ಬೀಳುವ ಭಯ ಎದುರಿಸಬೇಕಾಯಿತು. ಹಳೆಯದಿರಲಿ, ಹೊಸದಿರಲಿ, ಮಂಜೂರಾತಿಯನ್ನು ಪಾಲಿಕೆಯಲ್ಲಿಯೇ ತಾಳೆ ನೋಡಬೇಕು.

* ಕಟ್ಟಡದ ಗಟ್ಟಿತನ: 2015ರ ಜುಲೈನಲ್ಲಿ ಪಕ್ಕದ ಠಾಕುರ್ಲಿಯಲ್ಲಿ ಹಳೆಯ ಕಟ್ಟಡ ಕುಸಿದು 9 ಮಂದಿ ಸತ್ತರು. ಸೊಸೈಟಿಗಳ ಮಾದರಿ ಬೈಲಾ ಪ್ರಕಾರ 15ರಿಂದ 30 ವರ್ಷದ ಕಟ್ಟಡಕ್ಕೆ 5 ವರ್ಷಕ್ಕೊಮ್ಮೆ, 30 ದಾಟಿದ್ದಕ್ಕೆ 3 ವರ್ಷಕ್ಕೊಮ್ಮೆ ಸ್ಟ್ರಕ್ಚರಲ್ ಆಡಿಟ್ ಆಗಬೇಕು. ಕೊನೆಯ ವರದಿ ಕೇಳಿ ಪಡೆಯಿರಿ.

* ಅಳತೆ: ಹಳೆಯ ಅಗ್ರಿಮೆಂಟ್‌ಗಳಲ್ಲಿ ಬಿಲ್ಟ್-ಅಪ್ ಅಳತೆ ಬರೆದಿರುವುದೇ ಹೆಚ್ಚು. ಬೆಲೆ ಹೋಲಿಸುವಾಗ ಕಾರ್ಪೆಟ್ ಅಳತೆಯನ್ನೇ ಹಿಡಿಯಬೇಕು.

* ಸಾಲ: ಕಟ್ಟಡ ಹಳೆಯದಾದಷ್ಟೂ ಬ್ಯಾಂಕ್‌ಗಳು ಸಾಲದ ಅವಧಿ ಕಡಿಮೆ ಮಾಡುತ್ತವೆ, ಕೆಲವೊಮ್ಮೆ ನಿರಾಕರಿಸುತ್ತವೆ. ಟೋಕನ್ ಹಣ ಕೊಡುವ ಮೊದಲೇ ಬ್ಯಾಂಕ್‌ನಲ್ಲಿ ವಿಚಾರಿಸಬೇಕು.

* ಇತರ ಖರ್ಚು: ಮುದ್ರಾಂಕ ಶುಲ್ಕದ ಜೊತೆಗೆ ಶೇ. 1ರಷ್ಟು, ಗರಿಷ್ಠ 30,000 ರೂ. ನೋಂದಣಿ ಶುಲ್ಕವಿದೆ. ಮಹಿಳೆಯ ಹೆಸರಿನಲ್ಲಿ ಕೊಂಡರೆ ಮುದ್ರಾಂಕ ಶುಲ್ಕದಲ್ಲಿ ಶೇ. 1ರ ರಿಯಾಯಿತಿ ಸಿಗುತ್ತದೆ. ಪಾಲಿಕೆ ವ್ಯಾಪ್ತಿಯ ಸೊಸೈಟಿ ವರ್ಗಾವಣೆ ಪ್ರೀಮಿಯಂ ಎಂದು 25,000 ರೂ.ಗಿಂತ ಹೆಚ್ಚು ಕೇಳುವಂತಿಲ್ಲ.

ಮಾರುವವರಿಗೂ ಒಂದು ಮಾತು. ಸದಸ್ಯರೊಬ್ಬರು ತೀರಿಕೊಂಡು ವರ್ಷಗಳಾದರೂ ಶೇರ್ ಸರ್ಟಿಫಿಕೇಟ್ ಅವರ ಹೆಸರಿನಲ್ಲಿಯೇ ಉಳಿದಿರುವ ಮನೆಗಳಿವೆ. ನಾಮಿನಿಯಾದ ಮಾತ್ರಕ್ಕೆ ಮಾಲೀಕತ್ವ ಬರುವುದಿಲ್ಲ, ಎಲ್ಲ ವಾರಸುದಾರರ ಒಪ್ಪಿಗೆ ಬೇಕು. ಊರಿನಲ್ಲಿರುವ ಅಣ್ಣ-ತಮ್ಮಂದಿರ, ಅಕ್ಕ-ತಂಗಿಯರ ಸಹಿ ಸಕಾಲದಲ್ಲಿ ಪಡೆದು ದಾಖಲೆ ಸರಿಮಾಡಿಕೊಳ್ಳದಿದ್ದರೆ, ಒಳ್ಳೆಯ ಬೆಲೆಗೆ ಗಿರಾಕಿ ಬಂದಾಗ ಮನೆ ಮಾರಲಾಗದೆ ಕೈಕಟ್ಟಿ ಕೂರಬೇಕಾಗುತ್ತದೆ.