ಅಲೆ, ಕಮಲ, ಹಂಸ

1892ರಲ್ಲಿ ಪರಿವ್ರಾಜಕನಾಗಿ ಮೈಸೂರಿಗೆ ಬಂದು, ದಿವಾನ್ ಶೇಷಾದ್ರಿ ಅಯ್ಯರ್ ಅವರ ಮೂಲಕ ಚಾಮರಾಜೇಂದ್ರ ಒಡೆಯರ ಆತಿಥ್ಯವನ್ನು ಪಡೆದ ತರುಣ ಸಂನ್ಯಾಸಿ ವಿವೇಕಾನಂದರು, ಐದು ವರ್ಷಗಳ ತರುವಾಯ ಕಲಕತ್ತೆಯಲ್ಲಿ ರಾಮಕೃಷ್ಣ ಮಿಷನ್ನನ್ನು ಸ್ಥಾಪಿಸಿದರು. ಆ ಯತಿಸಂಘದ ಶಾಖೆಯು ನಮ್ಮ ಮೈಸೂರಿನಲ್ಲಿ ಬೇರೂರಿದ್ದು 1925ರಲ್ಲಿ. ತನ್ನ ಮೋಕ್ಷವನ್ನೂ ಲೋಕದ ಹಿತವನ್ನೂ ಒಂದೇ ಉಸಿರಿನಲ್ಲಿ ಬಯಸುವುದು ಈ ಸೋದರಸಂಘದ ಧ್ಯೇಯ; ಗುಹೆಯನ್ನರಸಿ ಹೋಗಬೇಕಾದ ಕಾಷಾಯಧಾರಿಯು ರೋಗಿಯ ಮಂಚದ ಬಳಿ ನಿಲ್ಲುವುದನ್ನು ಕಂಡು ಹುಬ್ಬೇರಿಸಿದ ಸಂಪ್ರದಾಯಸ್ಥರೂ ಅಂದು ಇಲ್ಲದಿರಲಿಲ್ಲ.

ಸ್ವಾಮೀಜಿಯೇ ಕಲ್ಪಿಸಿದ ಸಂಘಲಾಂಛನದಲ್ಲಿ ತರಂಗಿತವಾದ ಜಲವು ಕರ್ಮವನ್ನೂ, ಕಮಲವು ಭಕ್ತಿಯನ್ನೂ, ಉದಯಭಾನುವು ಜ್ಞಾನವನ್ನೂ, ಸುತ್ತುವರಿದ ಸರ್ಪವು ಯೋಗವನ್ನೂ ಜಾಗೃತ ಕುಂಡಲಿನಿಯನ್ನೂ ಸೂಚಿಸಿದರೆ, ನಡುವಣ ಹಂಸವು ಪರಮಾತ್ಮನ ಸಂಕೇತ. ನಾಲ್ಕೂ ಮಾರ್ಗಗಳು ಕೂಡಿದಲ್ಲಿಯೇ ಹಂಸದರ್ಶನವೆಂಬುದು ಇದರ ಇಂಗಿತ. ಎಲ್ಲಕ್ಕೂ ಕೆಳಗೆ, ಕ್ಷೋಭೆಗೊಂಡ ಕರ್ಮದ ಅಲೆಗಳನ್ನೇ ತಳಹದಿಯಾಗಿರಿಸಿದ ಆ ಕಲ್ಪನೆ ನನಗೆ ಬಹಳ ಹಿಡಿಸಿದ್ದು.

ಮೈಸೂರಿನ ಆಶ್ರಮವು 1953ರಲ್ಲಿ ಯಾದವಗಿರಿಯಲ್ಲಿ ತೆರೆದ ವಿದ್ಯಾಶಾಲೆಯ ಮಾತು ಹಾಗಿರಲಿ, ಅದಕ್ಕೂ ಬಹು ಹಿಂದೆಯೇ ಮುಂದೆ ಕವಿ ಕುವೆಂಪು ಎನಿಸಿದ ವಿದ್ಯಾರ್ಥಿ ಪುಟ್ಟಪ್ಪನವರು ಆಶ್ರಮದ ಸ್ವಾಮಿ ಸಿದ್ಧೇಶ್ವರಾನಂದರ ವಾತ್ಸಲ್ಯದಲ್ಲಿ ವರ್ಷಗಟ್ಟಲೆ ಆಶ್ರಮವಾಸಿಯಾಗಿದ್ದು, ಪರಮಹಂಸರ ಹಾಗೂ ವಿವೇಕಾನಂದರ ಚರಿತ್ರೆಗಳನ್ನು ಕನ್ನಡಿಗರಿಗಿತ್ತರು. ಒಂಟಿಕೊಪ್ಪಲಿನ ಅವರ ಮನೆಗೆ ‘ಉದಯರವಿ’ ಎಂದು ಹೆಸರು. ಆ ಹೆಸರನ್ನು ಓದಿದಾಗಲೆಲ್ಲ ಲಾಂಛನದ ಸೂರ್ಯನು ನೆನಪಾಗುವುದು ನನಗೊಬ್ಬನಿಗೇನೋ.